ಮೌನಿ ಅಪ್ಪ ಮಾತಾಡಿದ ಎರಡು ವಾರ

ಸಲೂನಿನಲ್ಲಿ ಎರಡೇ ಕುರ್ಚಿ. ಒಂದರಲ್ಲಿ ಅಪ್ಪನ ಗಿರಾಕಿಗಳು, ಇನ್ನೊಂದರಲ್ಲಿ ಮಗಳ ಗಿರಾಕಿಗಳು. ಎಪ್ಪತ್ತಮೂರರ ಅಪ್ಪನಿಗೆ ಎಲ್ಲರೂ ಇಟ್ಟ ಹೆಸರು ‘ಮೌನಿ’. ಅವನ ಕತ್ತರಿ ಆಡುತ್ತಿತ್ತೇ ಹೊರತು ನಾಲಿಗೆಯಲ್ಲ.

ಆ ಚಳಿಗಾಲ ಅವನ ಎರಡೂ ಹೆಗಲು ಸೆಟೆದುಕೊಂಡವು. ಬಾಚಣಿಗೆ ಹಿಡಿದ ಕೈ ಗಿರಾಕಿಯ ಕಿವಿ ದಾಟಿ ಮೇಲೇರುತ್ತಿರಲಿಲ್ಲ. ಡಾಕ್ಟರು ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಮೂರನೇ ದಿನಕ್ಕೇ ಕೈ ಸಲೀಸಾಗಿ ಮೇಲೆದ್ದಾಗ ಮಗಳಿಗೆ ಹೋದ ಜೀವ ಬಂದಂತಾಯಿತು.

ಕೈಯ ಹಿಂದೆಯೇ ಬಾಯಿಯೂ ಸಡಿಲವಾಯಿತು. ರಾತ್ರಿ ನಿದ್ದೆಯಿಲ್ಲದೆ ಬೆಳಗಿನ ಐದಕ್ಕೇ ಅಂಗಡಿ ತೆಗೆದು ಕನ್ನಡಿ ಉಜ್ಜುತ್ತಿದ್ದ. ತನ್ನ ಮದುವೆಯ ಕಥೆ, ಸೈಕಲ್ ಸಮೇತ ಕಾಲುವೆಗೆ ಬಿದ್ದ ಕಥೆ, ಒಂದು ಮುಗಿಯುವ ಮೊದಲೇ ಇನ್ನೊಂದು. ಪೇಪರ್ ಓದಲೆಂದೇ ಬರುವ ಬೋಳುತಲೆ ಮೇಷ್ಟ್ರೂ ಸೇರಿ ಗಿರಾಕಿಗಳೆಲ್ಲ ಬಿದ್ದುಬಿದ್ದು ನಕ್ಕರು. ಮಗಳೂ ನಕ್ಕಳು; ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಇಷ್ಟು ಮಾತು ಕೇಳಿಸಿದ್ದೇ ಇಲ್ಲ.

ಎರಡನೇ ವಾರ ಕಥೆಗಳು ನಿಂತು ಅನುಮಾನ ಶುರುವಾಯಿತು. ನಿವೃತ್ತ ಪೋಸ್ಟ್‌ಮಾಸ್ಟರರ ಮೀಸೆ ಅರ್ಧ ಕತ್ತರಿಸಿದವನು ಥಟ್ಟನೆ ಕೈ ತಡೆದ.

“ಕನ್ನಡೀಲಿ ಯಾರಿಗ್ರೀ ಕಣ್ಣು ಹೊಡೆದ್ರಿ?” ಮಗಳತ್ತ ತಿರುಗಿದ. “ಇದೆಲ್ಲ ನಿಂದೇ ಕೆಲಸ. ನನ್ನನ್ನ ಈ ಅಂಗಡಿಯಿಂದ ಓಡಿಸೋಕೆ ನಿಮ್ಮದೊಂದು ಗುಂಪೇ ಇದೆ!”

ಅಪ್ಪನಿಗೆ ಅರಳುಮರಳು ಹಿಡಿಯಿತೆಂದುಕೊಂಡು ಅವಳು ಅವನ ಕೈಯಿಂದ ಕತ್ತರಿ ತೆಗೆದುಕೊಂಡಳು. ಪೋಸ್ಟ್‌ಮಾಸ್ಟರರು ಅರ್ಧ ಮೀಸೆಯಲ್ಲೇ ಎದ್ದು, “ನಂದು ಬಿಡಮ್ಮ, ಬೆಳೆಯುತ್ತೆ. ಮೊದಲು ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು” ಎಂದರು.

ಹೆಗಲು ತೋರಿಸುವ ನೆಪದಲ್ಲಿ ಹೊರಡಿಸಿದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ರಕ್ತ ಪರೀಕ್ಷೆ ಮಾಡಿಸಿ ನೋಡಿದರು.

“ಅರಳುಮರಳಲ್ಲಮ್ಮ, ಮಾತ್ರೆಯ ಆಟ. ವಯಸ್ಸಾದ ಕೆಲವರಿಗೆ ಮನಸ್ಸಿನ ಮೇಲೆ ಹೀಗಾಗುತ್ತೆ. ಆದ್ರೆ ಒಂದೇ ಸಲಕ್ಕೆ ನಿಲ್ಲಿಸೋ ಹಾಗಿಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸೋಣ. ಏನಾದ್ರೂ ಜಾಸ್ತಿಯಾದ್ರೆ ತಕ್ಷಣ ಫೋನ್ ಮಾಡಿ.”

ಮಾತ್ರೆ ಇಳಿದಂತೆ ನಿದ್ದೆ ಹತ್ತಿತು, ಅನುಮಾನ ಕರಗಿತು. ಆದರೆ ಆಡಿದ ಮಾತೆಲ್ಲ ಅವನಿಗೆ ನೆನಪಿತ್ತು. ಒಂದು ಮಧ್ಯಾಹ್ನ ಟವೆಲ್ ಮಡಚುತ್ತಾ ಕೇಳಿದ:

“ಆವತ್ತು ನಾನು ಗುಂಪು ಅಂದೆ ಅಲ್ವಾ?”

“ಹೂಂ, ಅಂದೆ. ಎಂಥ ಗುಂಪಪ್ಪ! ನಾನು, ಪೋಸ್ಟ್‌ಮಾಸ್ಟರು, ಬೋಳುತಲೆ ಮೇಷ್ಟ್ರು.”

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಟವೆಲ್ ಬದಿಗಿಟ್ಟು, “ತಪ್ಪಾಯ್ತು ಮಗಳೇ” ಎಂದ.

“ನೀನೆಲ್ಲಿ ಅಂದಿದ್ದು, ಆ ಮಾತ್ರೆ ಅಂದಿದ್ದು.”

ಗಿರಾಕಿಗಳಿರಲಿಲ್ಲ. ತನ್ನ ಕುರ್ಚಿಯನ್ನು ಅವಳ ಕಡೆ ತಿರುಗಿಸಿ, ಸೀಟು ಒರೆಸಿದ.

“ಬಾ, ಕೂತ್ಕೋ. ಕೂದಲ ತುದಿಯೆಲ್ಲ ಸೀಳಿದೆ. ಎಷ್ಟು ತೆಗೀಲಿ?”

“ನಿನ್ನಿಷ್ಟ” ಎಂದು ಅವಳು ಕಣ್ಣು ಮುಚ್ಚಿದಳು.