ಡಾಕ್ಟರ ಅಂಗಿಯ ಬಟ್ಟೆ

ಕಟಿಂಗ್ ಮಾಸ್ಟರರ ಬಲಗೈಯ ತೋರುಬೆರಳು ಎರಡು ವರ್ಷದಿಂದ ಯಾರಿಗೋ ದಾರಿ ತೋರಿಸುತ್ತಲೇ ಇತ್ತು. ಮಡಚದು, ಬಾಗದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಯಂತ್ರದ ಬ್ಲೇಡು ಅದರ ಬುಡಕ್ಕೆ ಬಾಯಿ ಹಾಕಿತ್ತು. ಗಾಯ ಕೂಡಿಕೊಂಡಿತು, ಬೆರಳು ಕಡ್ಡಿಯಾಯಿತು. ಬಾಗಿಲಿಗೆ ತಾಗಿದರೆ ಜೀವ ಬಾಯಿಗೆ ಬರುವಷ್ಟು ನೋವು. ಕತ್ತರಿ ಹಿಡಿಯಹೋದರೆ ಅದೇ ಅಡ್ಡ. ಸರ್ಜನ್ ಹೇಳಿದ್ದು ಸರಳವಾಗಿತ್ತು: ಬುಡಸಮೇತ ತೆಗೆದುಬಿಡೋಣ, ಉಳಿದ ಬೆರಳುಗಳು ಮುಷ್ಟಿ ಕಟ್ಟುತ್ತವೆ, ಮತ್ತೆ ಕತ್ತರಿ ಹಿಡಿಯುತ್ತೀರಿ.

ಮಾಸ್ಟರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೆಲಸವಿಲ್ಲದ ಇಷ್ಟು ದಿನವೂ ವಿಮಾ ಕಂಪನಿಯ ಹಣದಲ್ಲೇ ಮನೆ ನಡೆದಿತ್ತು. ಈಗ ಅಲ್ಲಿಂದ ಫೋನು: ಹೇಳಿದ ಚಿಕಿತ್ಸೆ ಬೇಡವೆನ್ನಲು ತಕ್ಕ ಕಾರಣವಿಲ್ಲದಿದ್ದರೆ ಹಣ ನಿಲ್ಲುತ್ತದೆ, ಕಾರಣ ತಕ್ಕದ್ದೋ ಅಲ್ಲವೋ ನಮ್ಮ ಡಾಕ್ಟರು ನೋಡುತ್ತಾರೆ.

"ಬೆರಳು ತೋರಿಸಿದ್ರೆ ಹಸ್ತ ನುಂಗೋ ಜನ," ಎಂದರು ಮಾಸ್ಟರು, ಆ ಡಾಕ್ಟರ ಬಳಿಗೆ ಹೊರಟ ವ್ಯಾನಿನಲ್ಲಿ.

"ಇಲ್ಲ ಭಾವ, ಇವರು ಹಸ್ತ ಬಿಟ್ಟು ಬೆರಳಷ್ಟೇ ಕೇಳ್ತಿದಾರೆ. ಒಳ್ಳೆ ಜನಾನೇ," ಎಂದ ವ್ಯಾನು ಓಡಿಸುತ್ತಿದ್ದ ಭಾವಮೈದುನ.

"ನಿನ್ನ ನಾಲಿಗೆ ತೆಗೀಬೇಕು ಅಂತ ಯಾವ ಡಾಕ್ಟ್ರೂ ಹೇಳಲ್ವಲ್ಲ!"

ನಡುವೆ ಕೂತಿದ್ದ ಮಾಸ್ಟರರ ಹೆಂಡತಿಗೆ ನಗು ಬರಲಿಲ್ಲ. ದಿನಾ ಬೆಳಿಗ್ಗೆ ಗಂಡನ ಅಂಗಿಗೆ ಗುಂಡಿ ಹಾಕುವವಳು ಅವಳು. ತೋಳು ತೂರಿಸುವಾಗ ಆ ಬೆರಳು ಸಿಕ್ಕಿಕೊಂಡು ಅವರು ಹಲ್ಲು ಕಚ್ಚುವುದನ್ನು ನೋಡುವವಳು. ಹುಳುಕು ಹಲ್ಲು ಕಿತ್ತ ಹಾಗೆ ಕಿತ್ತು ಬಿಸಾಡಬಾರದೇ ಎಂದು ಒಮ್ಮೆ ಅಂದುಬಿಟ್ಟಿದ್ದಳು. ವಾರವಿಡೀ ಮನೆಯಲ್ಲಿ ಮಾತಿರಲಿಲ್ಲ.

ಹಾಗೆಂದು ಅವರ ಹಟ ಅವಳಿಗೆ ಅರ್ಥವಾಗದ್ದೇನಲ್ಲ. ಗುಂಡಿ ಹೊಲಿಯಲು ಹೊಸದಾಗಿ ಕಾರ್ಖಾನೆಗೆ ಸೇರಿದಾಗ ಅವಳಿಗೂ ಮಾಸ್ಟರು ಎಲ್ಲರಿಗೂ ಹೇಳುವ ಪಾಠವನ್ನೇ ಹೇಳಿದ್ದರು: "ಕಣ್ಣು ಮುಚ್ಚು, ಬೆರಳಿಡು. ಕಣ್ಣು ಅಂಗಡಿಯವನ ಕಡೆ, ಬೆರಳು ನಮ್ಮ ಕಡೆ." ಅವರ ಬೆರಳು ಒಮ್ಮೆ ಸವರಿದರೆ ಸಾಕು, ಬಟ್ಟೆ ತನ್ನ ಹುಟ್ಟು ಹೇಳಿಕೊಳ್ಳುತ್ತಿತ್ತು.

ವಿಮೆಯ ಡಾಕ್ಟರು ಸಾಧು ಮನುಷ್ಯ. ಬೆರಳಿನ ತುದಿಗೆ ಸೂಜಿ ತಾಗಿಸಿದರು. ಮಾಸ್ಟರು "ಅಯ್ಯಮ್ಮಾ" ಎಂದರು.

"ನೋವು ಗೊತ್ತಾಗತ್ತೆ. ಆಪರೇಷನ್ ಯಾಕೆ ಬೇಡ, ಹೇಳಿ."

"ಬಾಗಲ್ಲ, ನಿಜ ಡಾಕ್ಟ್ರೇ. ಆದ್ರೆ ಬಟ್ಟೆ ಗುರುತು ಹಿಡಿಯೋದು ಇದೇ. ಬೇರೆ ಬೆರಳಿಗೆ ಆ ವಿದ್ಯೆ ಬರಲ್ಲ. ಇದನ್ನ ಕಳ್ಕೊಂಡು ಕತ್ತರಿ ಹಿಡಿದ್ರೆ ನಾನು ಮಾಸ್ಟರ್ ಅಲ್ಲ, ಬರೀ ಕೂಲಿ."

"ಹೌದಾ? ಎಲ್ಲಿ, ಇದು ಹೇಳಿ ನೋಡೋಣ," ಎಂದು ಡಾಕ್ಟರು ನಗುತ್ತ ತಮ್ಮ ಅಂಗಿಯ ತೋಳು ಚಾಚಿದರು.

ಮಾಸ್ಟರು ಕಣ್ಣು ಮುಚ್ಚಿದರು. ಬೆರಳ ತುದಿ ಬಟ್ಟೆಯ ಮೇಲೆ ಹೋಯಿತು, ಬಂತು, ನಿಂತಿತು.

"ಹತ್ತಿ. ಅಪ್ಪಟ ಹತ್ತಿ."

ಹೆಂಡತಿ ಥಟ್ಟನೆ ಡಾಕ್ಟರ ತೋಳು ನೋಡಿದಳು. ಕಿಟಕಿಯ ಬೆಳಕು ಆ ತೋಳಿನ ಮೇಲೆ ಎಣ್ಣೆಯ ಹಾಗೆ ಜಾರುತ್ತಿತ್ತು. ಪಾಲಿಯೆಸ್ಟರು. ಅದರಲ್ಲಿ ಎಳೆಯಷ್ಟೂ ಹತ್ತಿಯಿಲ್ಲ. ಅಂಥ ಅಂಗಿಗಳಿಗೆ ಗುಂಡಿ ಹೊಲಿದು ಹೊಲಿದೇ ಅವಳ ಕಣ್ಣು ಮಂಜಾಗಿದ್ದು.

"ನನಗೇನು ಗೊತ್ತು, ಮನೆಯವಳು ತಂದದ್ದು," ಎಂದ ಡಾಕ್ಟರು ಅವಳ ಕಡೆ ತಿರುಗಿದರು. "ನೀವೂ ಇದೇ ಕಸುಬಿನವರು ಅಂತ ಫೈಲಲ್ಲಿದೆ, ಅಲ್ವಾ ತಾಯಿ? ಸರೀನಾ? ಸರಿ ಇದ್ರೆ ಬೇಡ ಅನ್ನೋಕೆ ಕಾರಣ ಇದೆ ಅಂತಲೇ ಬರೀತೀನಿ. ಹಣ ನಿಲ್ಲಲ್ಲ."

ಅವಳು ಗಂಡನ ಮುಖ ನೋಡಿದಳು. ರೆಪ್ಪೆ ಇನ್ನೂ ಮುಚ್ಚಿಯೇ ಇತ್ತು. ತುಟಿಯ ಮೇಲೆ, ಯಂತ್ರ ಕಚ್ಚಿದ ದಿನದಿಂದ ಕಾಣದಿದ್ದ ಒಂದು ಗತ್ತು. ಇಲ್ಲ ಅಂದರೆ ಬೆರಳೂ ಹೋಯಿತು, ಆ ಗತ್ತೂ ಹೋಯಿತು. ಹೌದು ಅಂದರೆ ಆ ಕೊರಡು ಜೀವಮಾನವಿಡೀ ಅವರ ಕೈಯಲ್ಲಿ, ನೋವು ಇಬ್ಬರ ಪಾಲಿಗೆ.

"ಸರಿ," ಎಂದಳು.

ಹೊರಗೆ ಉದ್ದನೆಯ ಓಣಿಯಲ್ಲಿ ಮಾಸ್ಟರು ನಾಲ್ಕು ಹೆಜ್ಜೆ ನಡೆದವರು ನಿಂತರು.

"ಲೇ, ಅವರ ಅಂಗಿ ಪಾಲಿಯೆಸ್ಟರ್ ಅಲ್ವಾ?"

ಅವಳು ಅವರ ತೋಳು ಹಿಡಿದು ಮುಂದಕ್ಕೆ ನಡೆಸಲು ನೋಡಿದಳು.

"ಒಳಗೆ ಕಾಲಿಟ್ಟಾಗ್ಲೇ ಕಣ್ಣಿಗೆ ಹಾಗೆ ಕಂಡಿತ್ತು. ಬೆರಳು ಹತ್ತಿ ಅಂತು. ನಾನು ಬೆರಳನ್ನ ನಂಬಿದೆ. ಎಲ್ರಿಗೂ ಹಾಗೇ ಮಾಡಿ ಅಂತ ತಾನೇ ಹೇಳಿದ್ದು? ನೀನು ಯಾಕೆ ಸರಿ ಅಂದೆ?"

"ನಿಮ್ಮ ಮುಖ ನೋಡಿ ಅಂದೆ ಕಣ್ರೀ. ಹಣಕ್ಕೂ ಅಂದೆ, ಸುಳ್ಳು ಯಾಕೆ ಹೇಳ್ಲಿ? ಬನ್ನಿ, ಮನೆಗೆ ಹೋಗೋಣ. ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತಾಯ್ತಲ್ಲೇ."

ಗೋಡೆಯ ಬದಿಯ ಬೆಂಚಿನ ಮೇಲೆ ಅವರು ಕುಸಿದರು. ಎಡಗೈಯಿಂದ ಆ ಬೆರಳನ್ನು ಮುಚ್ಚಿಕೊಂಡರು, ನಾಲ್ಕು ಜನರ ಎದುರು ಮಾನ ಕಳೆದ ಮಗನನ್ನು ಮರೆಮಾಡುವಂತೆ. ಅವಳು ಪಕ್ಕದಲ್ಲಿ ಕೂತಳು. ಬೆರಳು ಹೋಗಲಿ ಎಂದು ಬಯಸಿದ್ದವಳು ಈಗ ಆ ಮುಚ್ಚಿದ ಕೈಯ ಮೇಲೆ ತನ್ನ ಕೈಯಿಟ್ಟಳು.

ಡಾಕ್ಟರ ಬಾಗಿಲು ತೆರೆದು, ಇವರ ನಂತರ ಒಳಹೋಗಿದ್ದ ರೋಗಿ ಹೊರಬಂದರು. ಅವಳು ಧಡಕ್ಕನೆ ಎದ್ದಳು.

"ನಾನು ಹೇಳಿ ಬರ್ತೀನಿ. ತಪ್ಪು ಹೇಳಿದ್ದು ನಾನು."

"ನೀನು ಹೇಳಿದ್ದು ಆಮೇಲೆ. ಮೊದಲು ಹೇಳಿದ್ದು ಈ ಬೆರಳು," ಎಂದು ಮಾಸ್ಟರು ಅವಳ ಭುಜ ಹಿಡಿದು ಎದ್ದರು. ಬಾಗಿಲ ತನಕ ಹೋಗಿ, ಹಿಂದಿರುಗಿ ನೋಡದೆ ಕೇಳಿದರು:

"ತೆಗೆದ ಮೇಲೆ ಬಟ್ಟೆ ನೋಡೋಕೆ ನೀನು ಪಕ್ಕದಲ್ಲಿ ನಿಂತ್ಕೋತೀಯಾ?"

"ನಿಂತ್ಕೋತೀನಿ."

"ಮುಖ ನೋಡಿ ಹೇಳಬಾರದು."

ಅವಳು ತಲೆಯಾಡಿಸಿದಳು. ಅದು ಅವರಿಗೆ ಕಾಣಲಿಲ್ಲ. ಅವರು ಆಗಲೇ ಒಳಗೆ ಹೋಗಿದ್ದರು.