ನೇವಿ ಬ್ಲೂ ಪ್ಯಾಂಟಿಗೆ ಕರಿ ಬೂಟು

ಶೈಲಾ ತಮ್ಮನಿಗೆ ಹೆಣ್ಣು ನೋಡುವ ಮೊದಲು ಪ್ಯಾಂಟು ನೋಡಿದಳು. ಅವಳು ಕೆಲಸಕ್ಕಿದ್ದ ಪೀಣ್ಯದ ಗಾರ್ಮೆಂಟ್ಸಿನಲ್ಲಿ, ಹೊರದೇಶಕ್ಕೆ ಹೋಗಬೇಕಾದ ಪ್ಯಾಂಟುಗಳಲ್ಲಿ ಹೊಲಿಗೆ ಸೊಟ್ಟಗಾದವನ್ನು ಕೆಲಸದವರಿಗೇ ಅಗ್ಗದಲ್ಲಿ ಕೊಡುತ್ತಿದ್ದರು. ಆ ರಾಶಿಯಲ್ಲಿ ಕೈಯಾಡಿಸಿ, ಬೇರೆಯವರ ಕೈಗೆ ಸಿಗುವ ಮೊದಲೇ ಒಂದು ನೇವಿ ಬ್ಲೂ ಪ್ಯಾಂಟನ್ನು ಬಗಲಿಗೆ ಸೇರಿಸಿಕೊಂಡಳು. ಬಣ್ಣ ಚೆನ್ನಾಗಿತ್ತು ನಿಜ, ಆದರೆ ಅವಳು ನೋಡಿದ್ದು ಬಣ್ಣವನ್ನಲ್ಲ. ಆ ಪ್ಯಾಂಟಿನ ಬಾಟಮ್ಮು ಅಗಲವಾಗಿತ್ತು. ಕೆಳಗೆ ಬಿಚ್ಚಿ ಒಂದು ಬೆರಳು ಉದ್ದ ಬಿಟ್ಟು ಹೊಲಿದರೆ ಪಾದದ ಮೇಲೆ ಚೆನ್ನಾಗಿ ಕೂರುತ್ತದೆ, ಒಳಗೇನಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಒಳಗಿದ್ದದ್ದು ರಬ್ಬರಿನ ಕಾಲು. ಅವಳ ತಮ್ಮ ಮುತ್ತಣ್ಣನ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಎರಡು ವರ್ಷದ ಹಿಂದೆ ಅವನು ದುಡಿಯುವ ಕಾರ್ಖಾನೆಯಲ್ಲಿ ಕ್ರೇನಿನಿಂದ ಜಾರಿದ ಕಬ್ಬಿಣದ ಅಚ್ಚು ಅವನ ಪಾದದ ಮೇಲೆ ಬಿದ್ದಿತ್ತು. ಕಾರ್ಖಾನೆಯವರು ಕೈಬಿಡಲಿಲ್ಲ, ಕೂತು ಮಾಡುವ ಕೆಲಸ ಕೊಟ್ಟರು. ಹೊಸ ಕಾಲಿಗೆ ಮುತ್ತಣ್ಣ ಬೇಗ ಒಗ್ಗಿಕೊಂಡ. ಗೊತ್ತಿಲ್ಲದವರು ನೋಡಿದರೆ, ಹೊಸ ಚಪ್ಪಲಿ ಕಚ್ಚಿರಬೇಕು, ಅದಕ್ಕೇ ಸ್ವಲ್ಪ ಎಳೆದು ನಡೆಯುತ್ತಾನೆ ಅಂದುಕೊಳ್ಳಬೇಕು, ಅಷ್ಟೇ. ಒಗ್ಗಿಕೊಳ್ಳದೆ ಉಳಿದವಳು ಶೈಲಾ. ಅವ್ವ ಅಪ್ಪ ಹೋದ ಮೇಲೆ ಕೊಪ್ಪಳದ ಕಡೆಯ ಹಳ್ಳಿಯಿಂದ ಅವನನ್ನು ಕರೆತಂದು ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡವಳು ಅವಳೇ. ಆ ಕಾರ್ಖಾನೆಗೆ ಸೇರಿಸಿದವಳೂ ಅವಳೇ. ರಬ್ಬರಿನ ಕಾಲು ಕಣ್ಣಿಗೆ ಬಿದ್ದಾಗಲೆಲ್ಲ ಅವಳು ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದಳು.

ಹೆಣ್ಣು ಜಿಗಣಿಯಲ್ಲಿತ್ತು. ಹೆಸರು ನೀಲಾಂಬಿಕಾ, ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ವೈರು ಜೋಡಿಸುವ ಕೆಲಸ. ಅಪ್ಪ ಕೊಟ್ರಪ್ಪ ಕೂಡ್ಲಿಗಿ ಕಡೆಯವನು, ಶೈಲಾಳ ಗಂಡ ಪಂಚಾಕ್ಷರಿಗೆ ಗುರುತು. ಫೋನಿನಲ್ಲಿ ಕೊಟ್ರಪ್ಪ ಎಲ್ಲ ಕೇಳಿ, ಕೊನೆಗೆ ಮೆಲ್ಲಗೆ, "ಹುಡುಗಗ ಏನಾರ ಐಬು ಗೀಬು ಇಲ್ಲಲ್ಲ ತಂಗಿ? ತಪ್ಪು ತಿಳ್ಕಾಬ್ಯಾಡ, ಹೆಣ್ಣು ಹೆತ್ತವ್ರು ಕೇಳಬೇಕಾಗ್ತೈತಿ" ಅಂದಿದ್ದ. ಶೈಲಾ ಒಂದು ಉಸಿರೂ ತಡೆಯದೆ, "ಏನೂ ಇಲ್ರೀ" ಅಂದುಬಿಟ್ಟಿದ್ದಳು.

ಪಕ್ಕದಲ್ಲೇ ಕೂತಿದ್ದ ಮುತ್ತಣ್ಣ ತಲೆಯೆತ್ತಿ ನೋಡಿದ. "ಹೇಳಿಬಿಡಬೇಕಿತ್ತಲ್ಲ ಅಕ್ಕಾ."

"ಹೇಳಿದ್ದಿತ್ತಲ್ಲ, ಎರಡು ಕಡೆ. ಏನಾತು? ನಿನ್ನ ಮಾರಿ ಸೈತ ನೋಡಲಿಲ್ಲ ಅವ್ರು. ಕಾಲಿಲ್ಲ ಅಂದ ಕೂಡ್ಲೆ ಫೋನ್ ಇಟ್ರು. ಮೊದಲು ನಿನ್ನ ನೋಡ್ಲಿ. ನಿನ್ನ ಮಾತು ಕೇಳ್ಲಿ. ಹುಡುಗಿ ಮನಸ್ಸಿಗೆ ಬಂದಿ ಅಂದ್ರ ಆಮ್ಯಾಲೆ ನಾನ ಹೇಳ್ತೀನಿ."

ಅವಳ ಲೆಕ್ಕಾಚಾರ ತಪ್ಪು ಎನ್ನುವುದು ಸುಲಭ. ಆದರೆ ಆ ಎರಡು ಸಲವೂ ಫೋನನ್ನು ಕಿವಿಗೆ ಹಿಡಿದುಕೊಂಡಿದ್ದವಳು ಅವಳು. ತಮ್ಮನಂಥ ಚೆಂದದ ಹುಡುಗನನ್ನು ಜನ ಕಣ್ಣಾರೆ ನೋಡದೆ ಬೇಡವೆಂದಾಗ ಆದ ಸಂಕಟ ಬೇರೆಯವರಿಗೆ ಹೇಗೆ ತಿಳಿಯಬೇಕು?

ಹೊರಡುವ ಹಿಂದಿನ ದಿನ ಶೈಲಾ ತಮ್ಮನನ್ನು ಕರೆದುಕೊಂಡು ದಾಸರಹಳ್ಳಿಯ ದೊಡ್ಡ ರಸ್ತೆಯಲ್ಲಿದ್ದ ಬೂಟಿನ ಅಂಗಡಿಗೆ ಹೋದಳು. ಮುತ್ತಣ್ಣ ಹೊಸ ಪ್ಯಾಂಟನ್ನು ಹಾಕಿಕೊಂಡೇ ಬಂದಿದ್ದ. ಅಂಗಡಿಯ ಹುಡುಗ ಪ್ಯಾಂಟಿನ ಬಣ್ಣ ನೋಡಿದವನೇ ಕಂದು ಬಣ್ಣದ ಬೂಟು ಇಳಿಸಿದ.

"ಸಾರ್, ನೇವಿ ಬ್ಲೂಗೆ ಬ್ರೌನ್ ಹಾಕಿದ್ರೆ ಸಕ್ಕತ್ತಾಗಿರುತ್ತೆ. ಈಗ ಎಲ್ರೂ ಇದೇ ಹಾಕ್ತಿರೋದು. ಬ್ಲ್ಯಾಕ್ ಹಾಕಿದ್ರೆ ಆಫೀಸ್ ಸೆಕ್ಯೂರಿಟಿ ಥರ ಕಾಣ್ತೀರ."

ಮುತ್ತಣ್ಣನಿಗೆ ನಗು ಬಂತು. ಬಲಗಾಲಿಗೆ ಹುಡುಗನೇ ತೊಡಿಸಿದ. ಎಡಗಾಲಿನದನ್ನು ಮುತ್ತಣ್ಣ ಇಸಿದುಕೊಂಡು ತಾನೇ ಹಾಕಿಕೊಂಡ. ಹುಡುಗ ತನ್ನ ಅಭ್ಯಾಸದಂತೆ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, "ಟೈಟ್ ಆಗ್ತಿದೆಯಾ ಸಾರ್?" ಎಂದು ಕೇಳಿದ.

"ಅದಕ್ಕ ಟೈಟೂ ಇಲ್ಲ ಲೂಸೂ ಇಲ್ಲ ತಮ್ಮಾ," ಎಂದು ಮುತ್ತಣ್ಣ ಪ್ಯಾಂಟನ್ನು ಗೇಣುದ್ದ ಮೇಲಕ್ಕೆತ್ತಿ ತೋರಿಸಿಯೇ ಬಿಟ್ಟ. ಹುಡುಗ ಬೆಪ್ಪಾದ. ಆಮೇಲೆ ಮುತ್ತಣ್ಣ ನಗುತ್ತಿರುವುದನ್ನು ನೋಡಿ ತಾನೂ ಸಣ್ಣಗೆ ನಕ್ಕ. ನಗದವಳು ಶೈಲಾ ಒಬ್ಬಳೇ. ಅವಳು ಬಗ್ಗಿ ತಮ್ಮನ ಪ್ಯಾಂಟನ್ನು ಕೆಳಗೆಳೆದಳು. ಯಾರಾದರೂ ನೋಡಿದರೋ ಎಂದು ಅಂಗಡಿಯ ಬಾಗಿಲ ಕಡೆ ಕಣ್ಣು ಹಾಯಿಸಿದಳು.

ಮುತ್ತಣ್ಣ ಎದ್ದು ಕನ್ನಡಿಯ ಮುಂದೆ ಅತ್ತಿತ್ತ ನಡೆದ. ಕಡುನೀಲಿಯ ಕೆಳಗೆ ಕಂದು ಬಣ್ಣ ಎದ್ದು ಕಾಣುತ್ತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು. ಶೈಲಾಳಿಗೆ ಹೆದರಿಕೆಯಾದದ್ದೇ ಅದಕ್ಕೆ. ಅವನನ್ನು ನೋಡಿದವರ ಕಣ್ಣು ಮುಖ ಬಿಟ್ಟು ಸೀದಾ ಕಾಲಿಗೆ ಹೋಗುತ್ತದೆ. ಹೆಣ್ಣಿನ ಕಡೆಯವರು ಗಂಡನ್ನು ಅಳೆಯುವುದು ಅವನು ಗಲ್ಲಿಯಲ್ಲಿ ನಡೆದು ಬರುವಾಗ. ಬೂಟು ಚೆಂದ ಇದೆಯಲ್ಲ ಎಂದು ನೋಡಿದರೆ ನಡಿಗೆಯನ್ನೂ ನೋಡುತ್ತಾರೆ. ಕರಿ ಬೂಟಾದರೆ ಕಡುನೀಲಿಯಲ್ಲಿ ಸೇರಿಹೋಗುತ್ತದೆ, ಪ್ಯಾಂಟು ಎಲ್ಲಿ ಮುಗಿಯಿತು, ಕಾಲು ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುವುದಿಲ್ಲ. ಬಾಗಿಲಲ್ಲಿ ಬೂಟು ಬಿಡಬೇಕು ಅನ್ನುವುದನ್ನು ಅವಳೇನೂ ಮರೆತಿರಲಿಲ್ಲ. ಅದಕ್ಕೆ ಕರಿ ಸಾಕ್ಸು ಇತ್ತಲ್ಲ.

"ಕರೇದು ಕೊಡು," ಅಂದಳು.

"ಅಕ್ಕಾ, ಕರೇದು ಬ್ಯಾಡ."

ಯಾಕೆ ಬೇಡ ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು. ಅಪಘಾತವಾದ ದಿನ ಆಸ್ಪತ್ರೆಯಲ್ಲಿ ಒಬ್ಬ ಆಯಾ ಅವಳ ಕೈಗೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟಿದ್ದಳು. ಅದರಲ್ಲಿ ಕಾರ್ಖಾನೆಯವರು ಕೊಟ್ಟಿದ್ದ ಕರಿ ಬೂಟು ಇತ್ತು, ಎಡಗಾಲಿನದು, ಚಪ್ಪಟೆಯಾಗಿದ್ದದ್ದು. ಮಂಚದ ಮೇಲಿನಿಂದ ಮುತ್ತಣ್ಣ ಅದನ್ನು ನೋಡಿದ್ದ. ಅಂದಿನಿಂದ ಅವನು ಕರಿ ಬೂಟು ಹಾಕಿರಲಿಲ್ಲ.

"ಒಂದ ದಿನ ಮುತ್ತು. ನನ್ನ ಸಲುವಾಗಿ," ಅಂದಳು ಶೈಲಾ.

ಅವಳು ಅವನ ಬಳಿ ಏನನ್ನೂ ಬೇಡಿದವಳಲ್ಲ. ಮುತ್ತಣ್ಣ ಕೂತು, ಕಂದು ಬೂಟು ಬಿಚ್ಚಿ, ಕರಿ ಬೂಟಿಗೆ ಕಾಲು ಕೊಟ್ಟ.

ಭಾನುವಾರ ಬೆಳಿಗ್ಗೆ ಮೂವರೂ ಮೆಜೆಸ್ಟಿಕ್‌ಗೆ ಬಂದು ಜಿಗಣಿಯ ಬಸ್ಸು ಹತ್ತಿದರು. ಪಂಚಾಕ್ಷರಿ ದಾರಿಯುದ್ದಕ್ಕೂ ಭಾವಮೈದುನನನ್ನು ಕಾಡಿದ. "ಹುಡುಗಿ ಚಾ ತಂದಾಗ ಚಾ ನೋಡಬ್ಯಾಡಲೇ, ಹುಡುಗಿ ನೋಡು. ನಾ ಚಾ ನೋಡಿ ನಿಮ್ಮಕ್ಕನ ಕಟಿಗೊಂಡೆ." ಮುತ್ತಣ್ಣ ನಕ್ಕ. ಶೈಲಾ ಸಹ ನಕ್ಕಳು. ಬಸ್ಸಿಳಿದು ಗಲ್ಲಿಯಲ್ಲಿ ನಡೆಯುವಾಗ ಅವಳು ಬೇಕೆಂದೇ ಎರಡು ಹೆಜ್ಜೆ ಹಿಂದೆ ಉಳಿದು ತಮ್ಮನನ್ನು ನೋಡಿದಳು. ಬೂಟು ಕಾಣುತ್ತಲೇ ಇರಲಿಲ್ಲ. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಅವನ ಮುಖವನ್ನೇ ನೋಡಿದರು. ಶೈಲಾಳ ಎದೆ ತುಂಬಿ ಬಂತು. ಗೆದ್ದೆ ಅಂದುಕೊಂಡಳು.

ಕೊಟ್ರಪ್ಪನ ಮನೆ ಶೀಟು ಹೊದಿಸಿದ ಸಾಲುಮನೆಗಳಲ್ಲಿ ಕೊನೆಯದು. ಬಾಗಿಲ ಮುಂದೆ ಅವನ ಹೆಂಡತಿ ಮರೆವ್ವ ಸೆರಗು ತಲೆಗೆ ಹೊದ್ದು ನಿಂತಿದ್ದಳು. ಪಕ್ಕದಲ್ಲಿ ತುಂಬಿದ ಕೊಡ, ಕೈಯಲ್ಲಿ ತಂಬಿಗೆ, ಹೆಗಲ ಮೇಲೆ ಮಡಿಸಿದ ಟವೆಲು.

"ಬರ್ರಿ ಬರ್ರಿ. ಕಾಲಿಗೆ ನೀರು ತಗೋರಿ."

ಶೈಲಾ ಮುಂದಿಟ್ಟ ಹೆಜ್ಜೆ ಹಿಂದೆ ತೆಗೆದಳು. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು! ಊರಿನಲ್ಲಿ ಚಿಕ್ಕಂದಿನಿಂದ ಬಂದ ನೆಂಟರಿಗೆಲ್ಲ ತಂಬಿಗೆ ಹಿಡಿದು ನಿಲ್ಲುತ್ತಿದ್ದವಳು ತಾನೇ. ಬೆಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಒಳಗೆ ಹೋಗುವುದೇ ರೂಢಿಯಾಗಿ, ನಲ್ಲಿ ನೀರಿಗೆ ಜಗಳವಾಡುವ ಗಲ್ಲಿಗಳಲ್ಲಿ ಇದ್ದು ಇದ್ದು, ಆ ಪದ್ಧತಿಯೇ ತಲೆಯಿಂದ ಹಾರಿಹೋಗಿತ್ತು. ಪ್ಯಾಂಟಿನ ಉದ್ದ ನೋಡಿದಳು, ಬೂಟಿನ ಬಣ್ಣ ನೋಡಿದಳು, ಸಾಕ್ಸು ನೋಡಿದಳು. ತಮ್ಮೂರ ಕಡೆಯವರು ಎಲ್ಲಿದ್ದರೂ ತಮ್ಮೂರಿನವರ ಹಾಗೆಯೇ ಇರುತ್ತಾರೆ ಅನ್ನುವುದನ್ನು ಮಾತ್ರ ನೋಡಲಿಲ್ಲ.

ಪಂಚಾಕ್ಷರಿ ಮೊದಲು ಕಾಲು ತೊಳೆದುಕೊಂಡ. ಶೈಲಾಳೂ ತೊಳೆದುಕೊಂಡಳು. ಮರೆವ್ವ ತಂಬಿಗೆ ತುಂಬಿಕೊಂಡು ಮುತ್ತಣ್ಣನ ಕಡೆ ತಿರುಗಿದಳು.

"ಅವಂಗ ಬ್ಯಾಡ್ರಿ," ಅಂದಳು ಶೈಲಾ. "ನಿನ್ನಿಯಿಂದ ಜ್ವರ ಬಂದಾವ. ನೀರು ಆಗಂಗಿಲ್ಲ."

"ಅಯ್ಯ, ಜ್ವರ ಇಟ್ಗಂಡು ಇಷ್ಟು ದೂರ ಬಂದಾನಾ? ತಡೀರಿ, ಬಿಸಿನೀರು ಅದಾವು," ಎನ್ನುತ್ತ ಮರೆವ್ವ ಒಳಗೆ ನಡೆದಳು.

ಅವಳು ಹೋದದ್ದೇ ತಡ, ಶೈಲಾ ತಮ್ಮನ ತೋಳು ಹಿಡಿದಳು. "ಒಳಗ ಹೋಗಿಬಿಡು. ನಾ ಏನರ ಹೇಳ್ತೀನಿ."

ಮುತ್ತಣ್ಣ ಅವಳ ಮುಖವನ್ನು ನೋಡಿದ. ಅಷ್ಟು ಹೊತ್ತು ನೋಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆಮೇಲೆ ತೋಳು ಬಿಡಿಸಿಕೊಂಡು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ. ಬಲಗಾಲಿನ ಬೂಟು, ಸಾಕ್ಸು. ಎಡಗಾಲಿನ ಬೂಟು, ಸಾಕ್ಸು. ಪ್ಯಾಂಟನ್ನು ಎರಡೂ ಕಡೆ ಒಂದೇ ಸಮನಾಗಿ ಮಡಿಸಿದ.

ಮರೆವ್ವ ಹಬೆಯಾಡುವ ತಂಬಿಗೆ ಹಿಡಿದು ಬಂದಳು. ಬಲಗಾಲಿಗೆ ಹೊಯ್ದಳು. ಎಡಗಾಲಿಗೆ ಬಂದಾಗ ಅವಳ ಕೈ ನಿಂತಿತು. ಕೊಟ್ರಪ್ಪ ಬಾಗಿಲಿಗೆ ಬಂದು ನಿಂತಿದ್ದ. ಮರೆವ್ವ ಏನನ್ನಿಸಿತೋ ಏನೋ, ಬಗ್ಗಿ, ಆ ರಬ್ಬರಿನ ಪಾದಕ್ಕೂ ನೀರು ಹೊಯ್ದು, ಟವೆಲನ್ನು ಮುತ್ತಣ್ಣನ ಕೈಗೆ ಕೊಟ್ಟಳು.

ಒಳಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಟ್ಟೆಗೆ ಬಂದವು. ತಟ್ಟೆಯಲ್ಲೇ ಆರಿದವು. ನೀಲಾಂಬಿಕಾ ಚಹಾ ತಂದಳು. ತೆಳ್ಳನೆಯ, ಕಣ್ಣು ತುಂಬ ನೋಡುವ ಹುಡುಗಿ. ಎಲ್ಲರಿಗೂ ಕೊಟ್ಟು ಮುತ್ತಣ್ಣನ ಮುಂದೆ ಬಂದಾಗ ಅವನ ಮುಖ ನೋಡಿದಳು, ಕಾಲು ನೋಡಿದಳು, ತಿರುಗಿ ಮುಖ ನೋಡಿದಳು.

"ನಡೆದ್ರ ನೋವಾಗ್ತೈತೇನ್ರಿ?" ಎಂದು ಕೇಳಿದಳು.

"ಬಾಳ ದೂರ ನಡೆದ್ರ ಆಗ್ತೈತಿ. ಇವತ್ತು ಆಗಿಲ್ಲ," ಅಂದ ಮುತ್ತಣ್ಣ.

ಅವಳು ತಲೆಯಾಡಿಸಿ ಒಳಗೆ ಹೋದಳು. ಆ ಒಂದು ಮಾತಿನಲ್ಲಿ ಶೈಲಾಳಿಗೆ ಗೊತ್ತಾಗಿಹೋಯಿತು. ಈ ಹುಡುಗಿ ಒಪ್ಪುವವಳು. ಕಾಲನ್ನು ಕಾಲು ಎಂದೇ ನೋಡುವವಳು. ಹೇಳಿದ್ದರೆ ಒಪ್ಪುತ್ತಿದ್ದಳು.

ಹೊರಡುವಾಗ ಕೊಟ್ರಪ್ಪ ಅಂಗಳದಲ್ಲಿ ಪಂಚಾಕ್ಷರಿಯ ಕೈ ಹಿಡಿದುಕೊಂಡ. ಸಿಟ್ಟಿನ ಮನುಷ್ಯನಲ್ಲ ಅವನು, ಮಾತಾಡಲು ಅವನಿಗೇ ಕಷ್ಟವಾಗುತ್ತಿತ್ತು. "ಹುಡುಗ ಬಂಗಾರದಂತಾವ. ಅವನ ಮ್ಯಾಲೆ ನನಗೇನೂ ಇಲ್ಲ. ಆದ್ರ ನಾ ಬಾಯಿಬಿಟ್ಟು ಕೇಳಿದ್ದೆ. ಇಲ್ಲ ಅಂದ್ರಿ. ಇವತ್ತು ಬಾಗಲಾಗ ನಿಂತೂ ಜ್ವರ ಅಂದ್ರಿ. ನಾಳೆ ನನ್ನ ಮಗಳು ನಿಮ್ಮ ಮನಿಯಾಗ ಇರಾಕಿ. ಯಾವ ಮಾತು ನಂಬಬೇಕು ಆಕಿ? ಬ್ಯಾಡ ಬಿಡ್ರಿ."

ಶೈಲಾ ಕೈಮುಗಿದಳು. ಮುತ್ತಣ್ಣ ಮರೆವ್ವನಿಗೆ, "ಬರ್ತೀನ್ರಿ ಅವ್ವಾ" ಅಂದ. ಮರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸ್ಸಿನಲ್ಲಿ ಪಂಚಾಕ್ಷರಿ ಮುಂದೆ ಎಲ್ಲೋ ಸೀಟು ಹಿಡಿದು ಕೂತ. ಅಕ್ಕ ತಮ್ಮ ಹಿಂದೆ ಒಂದೇ ಸೀಟಿನಲ್ಲಿದ್ದರು. ಬನ್ನೇರುಘಟ್ಟ ದಾಟಿದ ಮೇಲೂ ಮುತ್ತಣ್ಣ ಕಿಟಕಿಯಾಚೆಯೇ ನೋಡುತ್ತಿದ್ದ. ಶೈಲಾ ಬೈಗುಳಕ್ಕೆ ಕಾಯುತ್ತಿದ್ದಳು. ಬೈದರೆ ಎಷ್ಟೋ ಹಗುರವಾಗುತ್ತಿತ್ತು.

"ಬೈಯಲೇ ಮುತ್ತು," ಅಂದಳು ಕೊನೆಗೆ. "ನಿನ್ನ ಬಾಳೇವು ನಾನ ಕೆಡಿಸಿದೆ. ಬೈದರ ಬೈ."

"ಬೈಯಾದೇನೈತಿ ಅಕ್ಕಾ. ನನ್ನ ಒಳ್ಳೇದಕ್ಕ ಮಾಡಿದಿ." ಅವನು ಕಿಟಕಿಯಾಚೆ ನೋಡುತ್ತಲೇ ಹೇಳಿದ. "ಒಂದ ಮಾತು. ಕಾಲು ಹೋದಾಗ ನೋವಾತು, ಹೆದರಿಕಿ ಆತು. ಆದ್ರ ನಾಚಿಕಿ ಅಂತ ಯಾವತ್ತೂ ಆಗಿರಲಿಲ್ಲ. ಕಾರ್ಖಾನ್ಯಾಗ ಆಗಿಲ್ಲ, ಗಲ್ಲಿಯಾಗ ಆಗಿಲ್ಲ. ಇವತ್ತು ಆ ಬಾಗಲಾಗ ನಿನ್ನ ಮಾರಿ ನೋಡಿದ್ನಲ್ಲ, ಆವಾಗ ಆತು."

ಶೈಲಾ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು.

"ಇನ್ನೊಮ್ಮೆ ಎಲ್ಲಿಗಾದ್ರೂ ಹೆಣ್ಣು ನೋಡಾಕ ಹೋಗಾದಿದ್ರ, ಪಂಚಾಕ್ಷರಿ ಮಾವ ಬರ್ಲಿ. ನೀ ಬರಬ್ಯಾಡ."

ಅದರಲ್ಲಿ ಸಿಟ್ಟಿರಲಿಲ್ಲ. ನೀರು ಕೇಳಿದಷ್ಟು ಸಾದಾ ದನಿಯಲ್ಲಿ ಹೇಳಿದ್ದ. ಹಾಲುಗಲ್ಲದ ಹುಡುಗನನ್ನು ಊರಿನಿಂದ ಕರೆತಂದು, ಉಣಿಸಿ, ಆಸ್ಪತ್ರೆಯ ನೆಲದಲ್ಲಿ ಅವನ ಮಂಚದ ಪಕ್ಕ ಮಲಗಿ ಎಬ್ಬಿಸಿ ನಿಲ್ಲಿಸಿದ ಅಕ್ಕನಿಗೆ ಹೇಳಿದ್ದ. ಅವಳು ಆಯ್ತು ಎಂದು ತಲೆಯಾಡಿಸಿದಳು.

ಮೆಜೆಸ್ಟಿಕ್ ಬಂದಾಗ ಜನ ನುಗ್ಗುತ್ತಿದ್ದರು. ಮುತ್ತಣ್ಣ ಮೊದಲು ಇಳಿದು ಎಂದಿನಂತೆ ಅಕ್ಕನಿಗೆ ಕೈ ಚಾಚಿದ. ಶೈಲಾ ಆ ಕೈ ಹಿಡಿದು ಇಳಿದಳು. ನೆಲ ಸಿಕ್ಕ ಕೂಡಲೇ ಅವನು ಕೈ ಬಿಟ್ಟು ದಾಸರಹಳ್ಳಿಯ ಬಸ್ಸಿನ ಕಡೆ ನಡೆದ. ಅವಳು ಹಿಂದೆ ನಡೆದಳು.