ಬೋಟಿ ತೊಳೆಯುವವಳ ಹೊಟ್ಟೆ

"ಸೀರೆ ಸರ್ಸೇ. ಸರ್ಸಿ ತೋರ್ಸು ಅವ್ರಿಗೆ. ವಾಸ್ನೆ ನನ್ ಮಟನ್ದಲ್ಲ, ನಿನ್ ಹೊಟ್ಟೇದು ಅಂತ ಎಲ್ರಿಗೂ ಗೊತ್ತಾಗ್ಲಿ!"

ಭಾನುವಾರ ಬೆಳಿಗ್ಗೆ. ಹಲಸೂರಿನಲ್ಲಿ ಮುನಿರಾಜಪ್ಪನ ಮಟನ್ ಅಂಗಡಿ ಎಂದರೆ ಸಾಲು ರಸ್ತೆಗೆ ಬಂದಿರುತ್ತದೆ. ಇಂದಿರಾನಗರದಿಂದ ಕಾರಿನಲ್ಲಿ ಬಂದ ಹೆಂಗಸೊಬ್ಬಳು ಮೂಗಿಗೆ ಕರ್ಚೀಫು ಒತ್ತಿಕೊಂಡು, "ಏನೋ ಸ್ಮೆಲ್ ಬರ್ತಿದೆಯಲ್ಲ, ಹಳೇ ಮಟನ್ನಾ?" ಎಂದು ಕೇಳಿದ್ದಳು. ಕುರಿ ಕಡಿಯುವ ಜಾಗಕ್ಕೆ ಬಂದು ವಾಸನೆ ಎನ್ನುವ ಮಹಾತಾಯಿ! ಮುನಿರಾಜಪ್ಪನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೋಟಿ ತೊಳೆಯುತ್ತಿದ್ದ ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದು ಸಾಲಿನ ಮುಂದೆ ನಿಲ್ಲಿಸಿದ.

"ಬ್ಯಾಡ ಅಣ್ಣಾ, ನಿನ್ ಕಾಲಿಗ್ ಬೀಳ್ತೀನಿ," ಎಂದೆ.

ನನ್ನ ಕೈಯೆಲ್ಲ ಸುಣ್ಣದ ನೀರು. ಆ ಕೈಯಲ್ಲೇ ಸೆರಗು ಬಿಗಿಹಿಡಿದಿದ್ದೆ. ಅವನು ಕಿತ್ತು ಎಳೆದ. ಹೊಟ್ಟೆಯ ಎಡಗಡೆ ಅಂಟಿಸಿದ್ದ ಚೀಲ ಎಲ್ಲರ ಕಣ್ಣಿಗೂ ಬಿತ್ತು. ಅದು ಬಿರಿಯುವಷ್ಟು ತುಂಬಿತ್ತು. ತುಂಬದೆ ಇನ್ನೇನು, ಬೆಳಗಿನಿಂದ ಖಾಲಿ ಮಾಡಿಕೊಳ್ಳಲು ಅವನು ಬಿಟ್ಟಿದ್ದರೆ ತಾನೇ? "ಥೂ," ಎಂದರು ಯಾರೋ. ಕಾರಿನವಳು ಕಾರಿನ ಕಡೆಗೇ ನಡೆದಳು. ಒಬ್ಬ ಮುದುಕ ಮಾತ್ರ ತಲೆ ತಗ್ಗಿಸಿಕೊಂಡು ನಿಂತಿದ್ದ.

"ನೋಡಿದ್ರಲ್ಲಾ ಸಾರ್? ಪಾಪ ಅಂತ ಇಟ್ಕೊಂಡಿದ್ದೆ," ಎಂದು ಮುನಿರಾಜಪ್ಪ ಸಾಲಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ಹೋಗು. ಇರೋ ಬೋಟಿ ತೊಳ್ದಾಕು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ನಾಳೆಯಿಂದ ಬೇಡವಂತೆ, ಇವತ್ತು ಬೇಕಂತೆ. ಭಾನುವಾರದ ಬೋಟಿಯನ್ನು ಅವನ ಹೆಂಡತಿ ಬಂದು ತೊಳೆಯುತ್ತಾಳೆಯೇ?

ನಾನು ಮುನಿಶಾಮಮ್ಮ. ಜೋಗುಪಾಳ್ಯದವಳು. ಗಂಡ ಸತ್ತ ಮೇಲೆ ಈ ಅಂಗಡಿಯ ಹಿತ್ತಲೇ ನನ್ನ ಅನ್ನ. ಕುರಿಯ ಹೊಟ್ಟೆ ಸೀಳಿ, ಲದ್ದಿ ತೆಗೆದು, ಬಿಸಿನೀರಿಗೆ ಸುಣ್ಣ ಹಾಕಿ, ಕರಿ ಪೊರೆ ಬಿಡುವವರೆಗೂ ಉಜ್ಜುವುದು, ಕರುಳನ್ನು ಒಳಹೊರಗೆ ಮಗುಚಿ ತೊಳೆಯುವುದು, ಇದು ನನ್ನ ಕೆಲಸ. ತೊಂಬತ್ತೆಂಟನೇ ಇಸವಿಯಲ್ಲಿ ನನ್ನ ಕರುಳಿಗೇ ಗಡ್ಡೆ ಬಂತು. ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಹೊಲಿದರು. ಇನ್ನು ಸಾಯುವವರೆಗೂ ಹೇಲೆಲ್ಲ ಅಲ್ಲಿಂದಲೇ, ಅದರ ಮೇಲೆ ಅಂಟಿಸಿದ ಚೀಲಕ್ಕೆ. ಎಚ್ಚರವಾಗಿ ಮೊದಲ ಸಲ ನೋಡಿದಾಗ ಅದು ಒಳತುಟಿಯ ಹಾಗೆ ಕೆಂಪಗೆ, ಒದ್ದೆಯಾಗಿತ್ತು.

"ಅಯ್ಯೋ, ಇದು ಬೋಟಿ ಅಲ್ವಾ ಸಿಸ್ಟರ್?" ಎಂದುಬಿಟ್ಟೆ.

ಸಿಸ್ಟರ್ ಜಹನಾರಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಾ! ಎಲ್ರೂ ಇದನ್ ನೋಡಿ ಅಳ್ತಾರೆ, ನೀವು ರೇಟು ಕಟ್ಟೋ ಹಂಗಿದೀರಲ್ಲಮ್ಮಾ!"

ನಗುವುದು ಮುಗಿದ ಮೇಲೆ ಅವರೇ ನನ್ನ ಕೈ ಹಿಡಿದು ಕಲಿಸಿದರು. ಚೀಲ ಹೇಗೆ ಅಂಟಿಸುವುದು, ಕೆಳಗಿನ ಬಾಯಿ ಹೇಗೆ ಮಡಚಿ ಕ್ಲಿಪ್ಪು ಹಾಕುವುದು, ಸುತ್ತಲಿನ ಚರ್ಮವನ್ನು ಬರೀ ನೀರಿನಲ್ಲಿ ತೊಳೆದು ಹೇಗೆ ಒತ್ತಿ ಒರೆಸುವುದು, ಎಲ್ಲ. ಅವರು ಒಂದು ದಿನವೂ ಮೂಗು ಮುಚ್ಚಿಕೊಂಡಿದ್ದು ನಾನು ಕಾಣೆ.

"ತುಂಬೋಕ್ ಬಿಡ್ಬೇಡಿ ಅಮ್ಮಾ. ಅರ್ಧ ಆಗೋಕ್ ಮುಂಚೇನೇ ಖಾಲಿ ಮಾಡ್ಬಿಡಿ. ಇಲ್ದಿದ್ರೆ ಭಾರಕ್ಕೆ ಕಿತ್ಕೊಂಡ್ ಬರುತ್ತೆ, ಚರ್ಮ ಹುಣ್ಣಾಗುತ್ತೆ. ಕೆಲ್ಸದ್ ಕಡೆ ಕಕ್ಕಸು ಇದ್ಯಾ?"

"ಐತೆ ಸಿಸ್ಟರ್."

"ಹಂಗಾದ್ರೆ ಭಾರ ಒಂದ್ ಎತ್ಬೇಡಿ, ಕೆಲ್ಸಕ್ ಹೋಗಿ. ಇದು ಕಾಯ್ಲೆ ಅಲ್ಲ, ದಾರಿ ಬದ್ಲಾಗಿದೆ ಅಷ್ಟೇ."

ಹಿತ್ತಲಲ್ಲಿ ಕಕ್ಕಸೇನೋ ಇತ್ತು. ಒಂದು ಸಲ ನಾನು ಬಾಗಿಲು ಸರಿಯಾಗಿ ಮುಚ್ಚದೆ ಚೀಲ ಖಾಲಿ ಮಾಡುತ್ತಿದ್ದಾಗ ಮುನಿರಾಜಪ್ಪ ನೋಡಿಬಿಟ್ಟ. ಅವತ್ತಿನಿಂದ ಶುರು. "ಹೊಟ್ಟೇಲಿ ಹೇಲೋಳಿಗೆ ಕಕ್ಕಸ್ ಯಾಕೆ? ನಾವ್ ಕೂರೋ ಜಾಗ ಅದು. ಮನೇಗ್ ಹೋಗಿ ಮಾಡ್ಕೋ." ಜೋಗುಪಾಳ್ಯಕ್ಕೆ ಹೋಗಿ ಬಂದರೆ ಅರ್ಧ ದಿನದ ಕೂಲಿ ಕಟ್. ಹೋಗದಿದ್ದರೆ ಚೀಲ ಬಿರಿಯುತ್ತದೆ. ನಾನು ಬೆಳಿಗ್ಗೆ ಏನೂ ತಿನ್ನದೆ ಬರತೊಡಗಿದೆ. ಕಾಫಿ ಕೂಡ ಬಿಟ್ಟೆ. ಆದರೂ ತುಂಬುತ್ತಿತ್ತು. ಪಕ್ಕದಲ್ಲಿ ಕೂತು ಲಿವರ್ ಬಿಡಿಸುವ ಖುರ್ಷೀದ್ ಎರಡು ಸಲ ಅವನ ಹತ್ತಿರ ಹೋಗಿ ಕೇಳಿ ಬೈಸಿಕೊಂಡು ಬಂದಿದ್ದಳು.

ಈಗ ಹಿತ್ತಲಿಗೆ ವಾಪಸು ಬಂದು ಟಬ್ಬಿನ ಮುಂದೆ ನಿಂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಉರಿ ಬಂತು. ಇಷ್ಟು ವರ್ಷ ಕುರಿಯ ಹೇಲನ್ನು ನನ್ನ ಉಗುರಿನಿಂದ ಕೆರೆದಿದ್ದೇನೆ. ಅದನ್ನು ಸಾರು ಮಾಡಿಕೊಂಡು ಬೆರಳು ಚೀಪಿದ ಬಾಯಿಗಳೇ ಈಗ ನನ್ನನ್ನು ನೋಡಿ ಥೂ ಎಂದವು.

ಖುರ್ಷೀದಳ ಪಕ್ಕದಲ್ಲಿ ಒಂದು ಡಾಲ್ಡಾ ಡಬ್ಬ ಇರುತ್ತದೆ. ಲಿವರಿಗೆ ಅಂಟಿಕೊಂಡಿರುವ ಪಿತ್ತದ ಚೀಲವನ್ನು ಒಡೆಯದ ಹಾಗೆ ಕತ್ತರಿಸಿ ಅದರೊಳಗೆ ಹಾಕುತ್ತಾಳೆ, ಆಮೇಲೆ ಚರಂಡಿಗೆ ಚೆಲ್ಲುತ್ತಾರೆ. ಪಿತ್ತದ ಒಂದು ತೊಟ್ಟು ಬಿದ್ದರೂ ಮಾಂಸ ಕಹಿಯೋ ಕಹಿ, ತೊಳೆದರೂ ಹೋಗದು, ನಾಯಿಯೂ ಮೂಸಿ ನೋಡಿ ಹೋಗುತ್ತದೆ. ಅವತ್ತು ಕಡಿದ ಕುರಿಗಳ ಪಿತ್ತವೆಲ್ಲ ಡಬ್ಬದಲ್ಲಿತ್ತು. ನಾನು ಡಬ್ಬ ನೋಡಿದೆ. ಖುರ್ಷೀದ್ ನನ್ನ ಮುಖ ನೋಡಿದಳು.

"ಮಾಡ್ತೀಯಾ ಅಕ್ಕಾ?"

"ಮಾಡ್ತೀನಿ."

"ಮುಂದ್ಗಡೆ ಮಾಡು. ಹಿಂದೆ ಕದ್ದು ಮಾಡಿದ್ರೆ ಮಜಾ ಎಲ್ಲಿಂದ?" ಎಂದು ತನ್ನ ಚೂರಿಯನ್ನು ನನ್ನ ಕೈಗೆ ಕೊಟ್ಟಳು.

ಬೋಟಿಯ ಬೇಸಿನ್ನು, ಲಿವರಿನ ತಟ್ಟೆ ಎರಡನ್ನೂ ಅವಳೇ ಎತ್ತಿ ತಂದು ಮುಂದಿನ ಕಟ್ಟೆಯ ಮೇಲೆ ಇಟ್ಟಳು. ನಾನು ಡಬ್ಬ ಹಿಡಿದು ಹಿಂದೆಯೇ ಹೋದೆ. ಮುನಿರಾಜಪ್ಪ ಯಾರಿಗೋ ತೊಡೆ ತೂಗುತ್ತಿದ್ದ. ಮೊದಲ ಪಿತ್ತದ ಚೀಲಕ್ಕೆ ಚೂರಿ ಹಾಕಿ ಲಿವರಿನ ಮೇಲೆ ಹಿಂಡಿದೆ. ಹಸಿರು ನೀರು ಚಿಮ್ಮಿತು. ಎರಡನೆಯದು ಬೋಟಿಗೆ. ಮಿಕ್ಕಿದ್ದನ್ನು ಡಬ್ಬದಲ್ಲೇ ಕೊಚ್ಚಿ, ಅವನು ನೇತುಹಾಕಿದ್ದ ಮಾಂಸಕ್ಕೆಲ್ಲ ಎರಚಿದೆ, ತಕ್ಕಡಿಗೂ ಎರಚಿದೆ.

"ಏಯ್! ಏಯ್! ಏನೇ ಮಾಡ್ದೆ ಮುಂಡೆ!"

"ನಾನ್ ತೊಳ್ದಿದ್ದು ತಾನೆ? ಈಗ್ ತಗೊಂಡ್ ಹೋಗಿ ತಿನ್ರಪ್ಪಾ," ಎಂದು ಸಾಲಿಗೆ ಹೇಳಿದೆ. "ನನ್ ಹೊಟ್ಟೇನ ನೋಡಿದ್ರಲ್ಲ, ಇದನ್ನೂ ನೋಡಿ."

ಸಾಲು ಚೆದುರಿತು. ಯಾರೋ ಮುಂಗಡ ಕೊಟ್ಟವನು ದುಡ್ಡು ವಾಪಸ್ಸು ಕೊಡು ಎಂದು ಮುನಿರಾಜಪ್ಪನ ಅಂಗಿ ಹಿಡಿದ. ನನಗೆ ಖುಷಿಯಾಯಿತು. ಇನ್ನೂ ಇದ್ದಿದ್ದರೆ ಇನ್ನೂ ಎರಚುತ್ತಿದ್ದೆ.

ಆಗ ಚೀಲದ ಅಂಚು ಹೊಟ್ಟೆಯಿಂದ ಬಿಡುತ್ತಿರುವುದು ಗೊತ್ತಾಯಿತು. ಕೈ ಒತ್ತಿಕೊಂಡು ಹಿತ್ತಲಿಗೆ ನಡೆದೆ. ನೇರ ಕಕ್ಕಸಿಗೆ ಹೋಗಿ ಒಳಗಿನಿಂದ ಅಗುಳಿ ಹಾಕಿದೆ. ಅಂಗಿ ಬಿಡಿಸಿಕೊಂಡ ಮುನಿರಾಜಪ್ಪ ಓಡಿಬಂದು ಬಾಗಿಲು ಗುದ್ದತೊಡಗಿದ.

"ಬಾರೇ ಆಚೆ, ಲೌಡಿ! ಪೊಲೀಸ್ರನ್ ಕರೀತೀನಿ! ಒದ್ದು ಒಳಗ್ ಹಾಕಿಸ್ತೀನಿ!"

"ಕರಿ ಅಣ್ಣಾ, ಕರಿ," ಎಂದು ಹೊರಗೆ ಖುರ್ಷೀದಳ ದನಿ ಕೇಳಿಸಿತು. "ಹೆಂಗ್ಸಿನ್ ಸೀರೆ ಯಾರ್ ಎಳ್ದಿದ್ದು ಅಂತ ನಾನೂ ಹೇಳ್ತೀನಿ ಅವ್ರಿಗೆ."

ಬಾಗಿಲಿನ ಹಲಗೆ ಅದುರುತ್ತಿತ್ತು. ನಾನು ಕ್ಲಿಪ್ಪು ತೆಗೆದೆ, ಚೀಲ ಖಾಲಿ ಮಾಡಿದೆ, ಒಂದು ಚೊಂಬು ನೀರು ಹಾಕಿ ಕುಲುಕಿ ಚೆಲ್ಲಿದೆ. ಬಿಟ್ಟುಕೊಂಡಿದ್ದ ಅಂಚನ್ನು ಬಿಡಿಸಿ, ಚರ್ಮ ತೊಳೆದು, ಸೆರಗಿನ ಒಣಗಿದ ತುದಿಯಲ್ಲಿ ಒತ್ತಿ ಒರೆಸಿದೆ. ಕೆಂಪು ತುದಿ ತನ್ನ ಪಾಡಿಗೆ ತಾನು ಸಣ್ಣಗೆ ಮಿಡಿಯುತ್ತಿತ್ತು. ಬಾಗಿಲಿನ ಒಂದು ತಿರುಪು ಕಿತ್ತು ಬಂದು ನೆಲಕ್ಕೆ ಬಿತ್ತು. ನಾನು ನಲ್ಲಿ ತಿರುಗಿಸಿ ಬಕೆಟ್ಟಿಗೆ ಮತ್ತೆ ನೀರು ಬಿಟ್ಟೆ.

"ಇರೋ ಬೋಳಿಮಗನೆ," ಎಂದೆ. "ಇನ್ನೂ ಆಗಿಲ್ಲ."